ಹಾಸನದ ಭಾನುವಾರದ ಕೆಮಿಸ್ಟ್ರಿ ಕ್ಲಾಸ್: ಹೋಗಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಹೋಗಬಹುದು. ಆದರೆ ಸಿಇಟಿಗೆ ನಾಲ್ಕು ಶಾರ್ಟ್‌ಕಟ್ ಸಿಗುತ್ತದೆ ಅಂತ ಹೋದರೆ ಬೇಜಾರಾಗುತ್ತದೆ. ಮಾಸ್ಕ್ ಇಲ್ಲದೆ ಹೋದರೆ ಮೊದಲನೇ ದಿನವೇ ಕೆಮ್ಮು ಬರುತ್ತದೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಉಳಿದವರಿಗೆ ಪೂರ್ತಿ ಕಥೆ.

ಇದು ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಮನೆಯ ಮಹಡಿ ಮೇಲೆ ನಡೆಯುವ ಪ್ರಾಕ್ಟಿಕಲ್ ಕ್ಲಾಸ್. ನಡೆಸುವವರು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಬೋರ್ಡ್ ಇಲ್ಲ, ಪಾಂಪ್ಲೆಟ್ ಇಲ್ಲ. ಹೆಸರು ಹಾಕಬೇಡಿ, ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಬಂದರೆ ಕೊಡಲು ನನ್ನ ಹತ್ತಿರ ಬೀಕರ್ ಇಲ್ಲ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಸೆಕೆಂಡ್ ಪಿಯು ಸೈನ್ಸ್ ಮಕ್ಕಳಿರುವ ಮನೆಯವರನ್ನು ಕೇಳಿದರೆ ದಾರಿ ಸಿಗುತ್ತದೆ. ನಾಲ್ಕು ಭಾನುವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಎರಡೂವರೆವರೆಗೆ, 1,800 ರೂಪಾಯಿ. ವಿಷಯ ಒಂದೇ. ಒಂದು ರಾಸಾಯನಿಕ ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತದೆ, ಯಾವುದನ್ನು ಎಷ್ಟು ಜಾಸ್ತಿ ಹಾಕಿದರೆ ಆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದನ್ನು ನಾವೇ ಅಳೆದು ಕಂಡುಹಿಡಿಯಬೇಕು. ಪುಸ್ತಕದಲ್ಲಿ ಇದಕ್ಕೆ ದರ ನಿಯಮ ಅಂತಾರೆ, ಮಕ್ಕಳು ರೇಟ್ ಲಾ ಅಂತಾರೆ.

ನಾನು ಬಿ.ಕಾಂ. ಓದಿದವಳು, ಹದಿನೈದು ವರ್ಷದಿಂದ ಒಬ್ಬ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಕೆಮಿಸ್ಟ್ರಿ ಬಿಟ್ಟಿದ್ದು ಹತ್ತನೇ ಕ್ಲಾಸಿನಲ್ಲಿ. ಇಲ್ಲಿ ದುಡ್ಡು ಕಟ್ಟಿ ಸೇರಿದ್ದು ಮಗಳು, ನಾನಲ್ಲ. ಮೊದಲ ಭಾನುವಾರ ಡಿಸೆಂಬರ್ ಮಂಜಿನಲ್ಲಿ ಸ್ಕೂಟರ್‌ನಲ್ಲಿ ಅವಳನ್ನು ಬಿಡಲು ಹೋದೆ, ಮನೆಗೆ ಹೋಗಿ ಮತ್ತೆ ಬರುವುದು ಯಾಕೆ ಅಂತ ಹಿಂದಿನ ಬೆಂಚಿನಲ್ಲೇ ಕೂತೆ. ಅವಳಿಗೆ ಜೋಡಿಯಾಗಬೇಕಿದ್ದ ಹುಡುಗಿ ಬರಲಿಲ್ಲ. ಸರ್ ನನ್ನ ಕಡೆ ತಿರುಗಿ "ಸುಮ್ನೆ ಕೂತಿದ್ದೀರಲ್ಲಮ್ಮ, ಇದನ್ನ ಹಿಡ್ಕೊಳ್ಳಿ" ಅಂತ ಸ್ಟಾಪ್‌ವಾಚ್ ಕೈಗೆ ಕೊಟ್ಟರು. ಅಲ್ಲಿಂದ ನಾಲ್ಕೂ ವಾರ ಟೈಮ್ ನೋಡಿದ್ದು ನಾನೇ. ಹಾಗಾಗಿ ಕೆಳಗೆ ಗೇಟಿನ ಹತ್ತಿರ ಕಾಯುತ್ತಾ ಮೊಬೈಲ್ ನೋಡಿಕೊಂಡು ಬರೆದ ಅಭಿಪ್ರಾಯ ಅಲ್ಲ ಇದು.

ಯಾಕೆ ಸೇರಿಸಿದೆವು ಅಂದರೆ, ಮಗಳು ಹೋಗುವ ಕೋಚಿಂಗ್‌ನಲ್ಲಿ ಈ ಪಾಠ ಎರಡೇ ದಿನದಲ್ಲಿ ಮುಗಿಯಿತು. ಒಂದು ಟೇಬಲ್ ಕೊಡುತ್ತಾರೆ, ಅದರಲ್ಲಿ ಮೂರು ಸಾಲು. ಒಂದು ರಾಸಾಯನಿಕವನ್ನು ಜಾಸ್ತಿ ಮಾಡಿದರೆ ವೇಗ ಅದರ ಎಷ್ಟನೇ ಘಾತದಷ್ಟು ಏರುತ್ತದೆ ಅನ್ನುವ ಅಂಕಿಗೆ ಆರ್ಡರ್ ಅಂತಾರೆ. ಮೊದಲನೇ ರಾಸಾಯನಿಕವನ್ನು ಎರಡು ಪಟ್ಟು ಮಾಡಿದರೆ ವೇಗ ನಾಲ್ಕು ಪಟ್ಟು, ಆರ್ಡರ್ ಎರಡು. ಎರಡನೆಯದನ್ನು ಎರಡು ಪಟ್ಟು ಮಾಡಿದರೆ ವೇಗ ಹಾಗೇ ಇದೆ, ಆರ್ಡರ್ ಸೊನ್ನೆ. ಅವಳು ಹತ್ತು ಸೆಕೆಂಡಿನಲ್ಲಿ ಉತ್ತರ ಹೇಳುತ್ತಾಳೆ. ಈ ನಂಬರ್‌ಗಳು ಎಲ್ಲಿಂದ ಬರುತ್ತವೆ ಪುಟ್ಟಿ ಅಂತ ಕೇಳಿದೆ. "ಕ್ವೆಶ್ಚನ್ ಪೇಪರ್‌ನಿಂದ" ಅಂದಳು. ತಮಾಷೆಗೆ ಅಂದಿದ್ದಲ್ಲ. ನಮ್ಮ ಆಫೀಸಿಗೆ ಯಾರಾದರೂ ಇಷ್ಟು ನೀಟಾಗಿ ದುಂಡು ದುಂಡು ಅಂಕಿಯ ಬಿಲ್ ತಂದರೆ ನಾವು ಮೊದಲು ಅನುಮಾನ ಪಡುತ್ತೇವೆ. ಅದೇ ಬುದ್ಧಿ ಇಲ್ಲೂ ಬಂತು ಅನ್ನಿ.

ಮೊದಲ ಭಾನುವಾರ ಹೈಪೋ ಮತ್ತು ಹೈಡ್ರೋಕ್ಲೋರಿಕ್ ಆಸಿಡ್. ಹೈಪೋ ಅಂದರೆ ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದವರು ಫಿಲಂ ತೊಳೆಯಲು ಬಳಸುತ್ತಿದ್ದರಲ್ಲ, ಅದೇ. ಬಿಳಿ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗುಣಾಕಾರದ ಗುರುತು. ಅದರ ಮೇಲೆ ಕೋನಿಕಲ್ ಫ್ಲಾಸ್ಕ್. ಹೈಪೋಗೆ ಆಸಿಡ್ ಸುರಿದ ಕೂಡಲೇ ವಾಚ್ ಒತ್ತಬೇಕು. ಗಂಧಕ ಬಿಡುಗಡೆಯಾಗಿ ನೀರು ನಿಧಾನಕ್ಕೆ ಹಾಲು ಹಾಲಾಗುತ್ತದೆ. ಮೇಲಿಂದ ನೋಡಿದಾಗ ಗುರುತು ಮರೆಯಾದ ತಕ್ಷಣ ನಿಲ್ಲಿಸಬೇಕು.

ಹೈಪೋ 50 ಮಿಲಿ ಹಾಕಿದಾಗ 24 ಸೆಕೆಂಡ್. 40 ಮಿಲಿ ಹೈಪೋಗೆ 10 ಮಿಲಿ ನೀರು ಸೇರಿಸಿದಾಗ 30. ಹೀಗೆ ಕಡಿಮೆ ಮಾಡುತ್ತಾ ಹೋದರೆ 30 ಮಿಲಿಗೆ 41, 20 ಮಿಲಿಗೆ 61, 10 ಮಿಲಿಗೆ 127. ನೀರು ಸೇರಿಸಿ ಒಟ್ಟು ಯಾವಾಗಲೂ 50 ಮಿಲಿಯೇ ಇರಬೇಕು, ಇಲ್ಲದಿದ್ದರೆ ಫ್ಲಾಸ್ಕಿನಲ್ಲಿ ದ್ರಾವಣದ ಎತ್ತರ ಬದಲಾಗಿ ಗುರುತು ಕಾಣುವ ರೀತಿಯೇ ಬೇರೆಯಾಗುತ್ತದೆ. ಪ್ರತಿ ಸಲವೂ ಅಷ್ಟೇ ಗಂಧಕ ಬಂದಾಗ ಗುರುತು ಮುಚ್ಚುತ್ತದೆ ಅಂತ ಇಟ್ಟುಕೊಂಡರೆ ಒಂದನ್ನು ಸೆಕೆಂಡಿನಿಂದ ಭಾಗಿಸಿದ್ದೇ ವೇಗದ ಲೆಕ್ಕ. 40 ಮಿಲಿಯಿಂದ 20 ಮಿಲಿಗೆ ಬಂದಾಗ 30 ಸೆಕೆಂಡ್ 61 ಆಯಿತು. ಹೈಪೋ ಅರ್ಧ ಆದರೆ ವೇಗವೂ ಅರ್ಧ, ಆರ್ಡರ್ ಒಂದು. ಇಷ್ಟರವರೆಗೆ ಕೋಚಿಂಗ್ ಟೇಬಲ್ ತರಹವೇ.

ಆಮೇಲೆ ಹೈಪೋ ಹಾಗೇ ಇಟ್ಟು ಆಸಿಡ್ ಅರ್ಧ ಮಾಡಿದೆವು. ಸಮೀಕರಣದಲ್ಲಿ ಆಸಿಡ್ ಮುಂದೆ 2 ಇದೆ. ಅರ್ಧ ಮಾಡಿದರೆ ವೇಗ ಕಾಲು ಭಾಗಕ್ಕೆ ಇಳಿಯಬೇಕು, ಅಂದರೆ 96 ಸೆಕೆಂಡ್ ಅಂತ ಮಗಳು ಮೊದಲೇ ಬರೆದಿಟ್ಟಳು. ಬಂದಿದ್ದು 26. ನಾನೇ ವಾಚ್ ತಪ್ಪಾಗಿ ಒತ್ತಿದೆ ಅಂದುಕೊಂಡು ಮತ್ತೆ ಮಾಡಿದೆವು. ಮತ್ತೆ 26. ಲಾಗ್ ಹಾಕಿ ನೋಡಿದರೆ ಆರ್ಡರ್ 0.12. ನಾವು ತೆಗೆದುಕೊಂಡ ಅಳತೆಯಲ್ಲಿ ಆಸಿಡ್ ಜಾಸ್ತಿಯೋ ಕಡಿಮೆಯೋ ಅಂತ ಆ ಕ್ರಿಯೆ ಹೆಚ್ಚುಕಮ್ಮಿ ತಲೆಯೇ ಕೆಡಿಸಿಕೊಳ್ಳುವುದಿಲ್ಲ.

ಯಾಕೆ ಹೀಗೆ ಅನ್ನುವುದಕ್ಕೆ ಸರ್ ಕೊಟ್ಟ ಹೋಲಿಕೆ ಹಾಸನದವರಿಗೆ ತಕ್ಷಣ ಹತ್ತುತ್ತದೆ. ಹಾಸನಾಂಬೆ ಬಾಗಿಲು ತೆಗೆದಾಗ ಕ್ಯೂ ನಿಂತಿದ್ದೀರಲ್ಲ? ಬಸ್ ಸ್ಟ್ಯಾಂಡಿಗೆ ಹತ್ತು ಬಸ್ ಬರಲಿ, ನೂರು ಬಸ್ ಬರಲಿ, ಗಂಟೆಗೆ ಎಷ್ಟು ಜನಕ್ಕೆ ದರ್ಶನ ಆಗುತ್ತದೆ ಅನ್ನುವುದು ಬಾಗಿಲ ಹತ್ತಿರದ ಇಕ್ಕಟ್ಟಿನ ಮೇಲೆ ನಿಂತಿದೆ. ಕ್ರಿಯೆ ಕೂಡ ಸಮೀಕರಣದಲ್ಲಿ ಬರೆದ ಹಾಗೆ ಒಂದೇ ಏಟಿಗೆ ನಡೆಯುವುದಿಲ್ಲ, ಹಂತ ಹಂತವಾಗಿ ನಡೆಯುತ್ತದೆ, ಅದರಲ್ಲಿ ನಿಧಾನದ ಹಂತ ಯಾವುದೋ ಅದೇ ವೇಗ ಹೇಳುತ್ತದೆ. ಸಮೀಕರಣ ಹೇಳುವುದು ಕೊನೆಗೆ ಒಟ್ಟು ಎಷ್ಟು ಖರ್ಚಾಯಿತು, ಎಷ್ಟು ಬಂತು ಅಂತ ಮಾತ್ರ. ನನಗೆ ಇದು ಬ್ಯಾಲೆನ್ಸ್ ಶೀಟ್ ತರಹ ಕಂಡಿತು. ವರ್ಷದ ಕೊನೆಯ ಮೊತ್ತ ಗೊತ್ತಾಗುತ್ತದೆ, ಯಾವ ತಿಂಗಳಲ್ಲಿ ವ್ಯಾಪಾರ ಕುಂಟಿತು ಅಂತ ಗೊತ್ತಾಗುವುದಿಲ್ಲ.

ಒಂದು ಚಿಕ್ಕ ವಿಷಯ. ಗುರುತು ಮರೆಯಾಯಿತು ಅನ್ನುವುದು ನೋಡುವವರ ಕಣ್ಣಿನ ಮೇಲೆ ಹೋಗುತ್ತದೆ. ನನಗೆ 24ಕ್ಕೆ ಕಾಣಲಿಲ್ಲ, ಮಗಳಿಗೆ 27ರವರೆಗೂ ಕಾಣುತ್ತಿತ್ತು. ನನ್ನದು ನಲವತ್ತು ದಾಟಿದ ಕಣ್ಣು. ಯಾರ ಕಣ್ಣು ಅನ್ನುವುದು ದೊಡ್ಡ ವಿಷಯ ಅಲ್ಲ, ಮೊದಲಿಂದ ಕೊನೆತನಕ ಒಬ್ಬರೇ ನೋಡಬೇಕು ಅಂತ ಸರ್ ಹೇಳಿದರು. ಅದಕ್ಕೇ ನನ್ನ ಕೆಲಸ ಪರ್ಮನೆಂಟ್ ಆಯಿತು.

ಈಗ ದೂರು. ಈ ಕ್ರಿಯೆಯಲ್ಲಿ ಸಲ್ಫರ್ ಡೈಆಕ್ಸೈಡ್ ಬರುತ್ತದೆ, ಘಾಟು. ಆರು ಜೋಡಿ ಮಕ್ಕಳು ಒಂದೇ ಕೋಣೆಯಲ್ಲಿ ಹತ್ತು ಹದಿನೈದು ಸಲ ಮಾಡಿದರೆ ಹೇಗಿರಬೇಕು ಯೋಚಿಸಿ. ಆ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ಲ. ಎರಡು ಕಿಟಕಿ ಇದೆ, ಚಳಿ ಅಂತ ಒಂದನ್ನು ಯಾರೋ ಮುಚ್ಚಿದ್ದರು. ಉಬ್ಬಸ ಇರುವ ಒಬ್ಬ ಹುಡುಗ ಅರ್ಧ ಗಂಟೆ ಟೆರೇಸಿನಲ್ಲಿ ನಿಂತಿದ್ದ. ಹನ್ನೆರಡು ಮಕ್ಕಳಿಗೆ ಕಣ್ಣಿನ ರಕ್ಷಣೆಯ ಕನ್ನಡಕ ಇದ್ದಿದ್ದು ಎಂಟು. ಮುಗಿದ ಫ್ಲಾಸ್ಕ್‌ಗಳನ್ನು ಸೋಡಾ ನೀರಿನ ಬಕೆಟ್ಟಿಗೆ ಸುರಿಸುತ್ತಾರೆ, ಆ ಮಟ್ಟಿಗೆ ಜಾಗ್ರತೆ ಇದೆ. ಆದರೆ ಫ್ಯಾನ್ ಇಲ್ಲದ್ದಕ್ಕೆ ಸಬೂಬು ಇಲ್ಲ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ, ಒಪ್ಪಿಕೊಂಡರು, ನಾಲ್ಕನೇ ವಾರದವರೆಗೂ ಫ್ಯಾನ್ ಬರಲಿಲ್ಲ.

ಎರಡನೇ ಭಾನುವಾರದ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ 1,800 ರೂಪಾಯಿ ವಸೂಲಾಗಿದ್ದು ಅವತ್ತೇ.

ಅವತ್ತು ಅಯೊಡಿನ್ ಗಡಿಯಾರ. ಪೊಟ್ಯಾಶಿಯಂ ಅಯೊಡೈಡ್ ಮತ್ತು ಅಮೋನಿಯಂ ಪರ್ಸಲ್ಫೇಟ್ ಸೇರಿಸಿದರೆ ನಿಧಾನಕ್ಕೆ ಅಯೊಡಿನ್ ಹುಟ್ಟುತ್ತದೆ. ಅದರ ಜೊತೆ ಅಳತೆ ಮಾಡಿ ಸ್ವಲ್ಪ ಹೈಪೋ ಮತ್ತು ಸ್ವಲ್ಪ ಗಂಜಿ (ಸ್ಟಾರ್ಚ್) ಹಾಕಿರುತ್ತಾರೆ. ಹುಟ್ಟಿದ ಅಯೊಡಿನ್ನನ್ನೆಲ್ಲ ಹೈಪೋ ಆಗಿಂದಾಗಲೇ ನುಂಗುತ್ತದೆ, ಅಲ್ಲಿಯವರೆಗೆ ದ್ರಾವಣ ನೀರಿನ ಹಾಗೆ ಇರುತ್ತದೆ. ಹೈಪೋ ಮುಗಿಯಿತೋ, ಮುಂದಿನ ಅಯೊಡಿನ್ ಗಂಜಿಗೆ ಸಿಗುತ್ತದೆ, ಇಡೀ ಬೀಕರ್ ಪಟ್ಟಂತ ಕಡುನೀಲಿ. ಮೊದಲ ಸಲ ನೋಡಿದಾಗ ನಾನು ವಾಚ್ ಒತ್ತುವುದನ್ನೇ ಮರೆತೆ. ಆಫೀಸ್ ಭಾಷೆಯಲ್ಲಿ ಹೇಳುವುದಾದರೆ ಹೈಪೋ ಇಲ್ಲಿ ಪೆಟ್ಟಿ ಕ್ಯಾಶ್. ಪ್ರತಿ ಸಲ ಅಷ್ಟೇ ದುಡ್ಡು ಇಡುತ್ತೇವೆ, ಅದು ಖಾಲಿಯಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿದರೆ ಖರ್ಚಿನ ವೇಗ ಸಿಕ್ಕಿತು.

ಗಂಜಿಗೆ ಸರ್ ತಂದಿದ್ದು ಕಟ್ಟಿನಕೆರೆ ಮಾರುಕಟ್ಟೆಯ ಆಲೂಗಡ್ಡೆ. ತುರಿದು, ನೀರಲ್ಲಿ ಹಿಂಡಿ, ತಳಕ್ಕೆ ಕೂತ ಬಿಳಿ ಹಿಟ್ಟನ್ನು ಕುದಿಸಿ ಮಾಡಿದ್ದು. ಅವತ್ತಿನದು ಅವತ್ತೇ ಮಾಡಬೇಕು, ಹಳೆಯದಾದರೆ ನೀಲಿ ಸರಿಯಾಗಿ ಬರುವುದಿಲ್ಲವಂತೆ. ಹಾಸನದಲ್ಲಿ ಆಲೂಗಡ್ಡೆಗೆ ಬರವೇ?

ನಾವು ಮೂರು ಅಳತೆ ಮಾಡಬೇಕಿತ್ತು. ಒಂದು, ಬೆರೆಸಿದ ಮೇಲೆ ಅಯೊಡೈಡ್ 0.080 ಮೋಲಾರ್, ಪರ್ಸಲ್ಫೇಟ್ 0.040 (ಮೋಲಾರ್ ಅನ್ನುವುದು ಸಾರತೆಯ ಅಳತೆ, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಕರಗಿದೆ ಅಂತ). ಎರಡು, ಅಯೊಡೈಡ್ ಮಾತ್ರ ಅರ್ಧ. ಮೂರು, ಪರ್ಸಲ್ಫೇಟ್ ಮಾತ್ರ ಅರ್ಧ. ಒಂದನ್ನು ಮುಟ್ಟಿದಾಗ ಇನ್ನೊಂದನ್ನು ಮುಟ್ಟಬಾರದು. ಅರ್ಧ ಮಾಡುವಾಗ ಬರೀ ನೀರು ಹಾಕಲಿಲ್ಲ, ಅಯೊಡೈಡ್ ಬದಲು ಅಷ್ಟೇ ಪೊಟ್ಯಾಶಿಯಂ ನೈಟ್ರೇಟ್, ಪರ್ಸಲ್ಫೇಟ್ ಬದಲು ಅಮೋನಿಯಂ ಸಲ್ಫೇಟ್ ಹಾಕಿಸಿದರು. ಕ್ರಿಯೆಗೆ ಬೀಳುವ ಎರಡೂ ಅಯಾನುಗಳು (ವಿದ್ಯುದಂಶ ಇರುವ ಕಣಗಳು) ಋಣ, ಒಂದನ್ನೊಂದು ತಳ್ಳುತ್ತವೆ, ಸುತ್ತ ಬೇರೆ ಅಯಾನುಗಳು ಎಷ್ಟಿವೆ ಅನ್ನುವುದರ ಮೇಲೆ ಆ ತಳ್ಳಾಟ ಕಡಿಮೆ ಜಾಸ್ತಿ ಆಗುತ್ತದೆ, ಹಾಗಾಗಿ ಒಟ್ಟು ಉಪ್ಪಿನ ಲೆಕ್ಕ ಒಂದೇ ಇರಬೇಕು ಅಂತ. ಇಷ್ಟು ಸೂಕ್ಷ್ಮ ನೋಡುವವರು ಕನ್ನಡಕ ಯಾಕೆ ಕಡಿಮೆ ಇಟ್ಟಿದ್ದಾರೋ ಗೊತ್ತಿಲ್ಲ.

ಬೆಳಿಗ್ಗೆ ಮೊದಲನೇ ಅಳತೆಯಲ್ಲಿ ಮಗಳು ಗಂಜಿ ಹಾಕುವುದನ್ನೇ ಮರೆತಳು. ಐದು ನಿಮಿಷ ಕಾದರೂ ನೀಲಿ ಇಲ್ಲ, ಸುಮ್ನೆ ಹಳದಿಯಾಗುತ್ತಾ ಹೋಯಿತು. ಅದನ್ನು ಚೆಲ್ಲಿ ಎರಡನೆಯದನ್ನು ಮಾಡಿದೆವು, 130 ಸೆಕೆಂಡ್. ಅಷ್ಟರಲ್ಲಿ ಹೈಪೋ ದ್ರಾವಣ ಖಾಲಿ, ಹೊಸದು ಮಾಡುವ ಹೊತ್ತಿಗೆ ಊಟದ ಸಮಯ. ಚಿತ್ರಾನ್ನದ ಡಬ್ಬಿ ತೊಳೆದು ಬಂದು ಒಂದನೆಯದನ್ನೂ ಮೂರನೆಯದನ್ನೂ ಮಾಡಿದೆವು. 42 ಮತ್ತು 83.

ಲೆಕ್ಕ ಹೀಗೆ. ವೇಗ ಎಷ್ಟು ಪಟ್ಟಾಯಿತು ಅನ್ನುವುದರ ಲಾಗ್ ತೆಗೆದು, ಸಾರತೆ ಎಷ್ಟು ಪಟ್ಟಾಯಿತು ಅನ್ನುವುದರ ಲಾಗ್‌ನಿಂದ ಭಾಗಿಸಿದರೆ ಆರ್ಡರ್. ಪರ್ಸಲ್ಫೇಟಿಗೆ 83ನ್ನು 42ರಿಂದ ಭಾಗಿಸಿ, ಲಾಗ್ ಹಾಕಿ, 2ರ ಲಾಗ್ 0.301ರಿಂದ ಭಾಗಿಸಿದರೆ 0.98. ಅಂದರೆ ಒಂದು. ಅಯೊಡೈಡಿಗೆ 130ನ್ನು 42ರಿಂದ ಭಾಗಿಸಿದರೆ 3.1, ಅದರ ಲಾಗ್ 0.49, ಆರ್ಡರ್ 1.63.

ಮಗಳು ಒಂದು ಕ್ಷಣ ನೋಡಿದಳು. ಸಮೀಕರಣದಲ್ಲಿ ಒಂದು ಪರ್ಸಲ್ಫೇಟಿಗೆ ಎರಡು ಅಯೊಡೈಡ್. 1.63 ಅನ್ನುವುದು 2ಕ್ಕೆ ಹತ್ತಿರ. ಮಧ್ಯಾಹ್ನದ ಹೊತ್ತು, ನಿದ್ದೆ ಬೇರೆ. ರೌಂಡ್ ಆಫ್ ಮಾಡಿ 2 ಅಂತ ಬರೆದು ಅಡಿಗೆರೆ ಎಳೆದಳು. ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು. ಟ್ಯಾಲಿ ಆಯಿತಲ್ಲ! ಹಿಂದಿನ ವಾರವಷ್ಟೇ ಸಮೀಕರಣ ನಂಬಿ ಕೆಟ್ಟಿದ್ದೆವು, ಒಂದೇ ವಾರಕ್ಕೆ ಇಬ್ಬರೂ ಮರೆತಿದ್ದೆವು.

ಅರಕಲಗೂಡಿನಿಂದ ಬರುವ ಹುಡುಗನಿಗೆ ಅದೇ ಲೆಕ್ಕದಲ್ಲಿ 1.04 ಬಂದಿತ್ತು. ಅವನು ತನ್ನದೇ ತಪ್ಪು ಅಂತ ಪೆಚ್ಚಾಗಿ ಕೂತಿದ್ದ, ಮಗಳು ತನ್ನದೇ ಸರಿ ಅಂತ ಅವನಿಗೆ ಪಾಠ ಮಾಡುತ್ತಿದ್ದಳು. ಸರ್ ಬಂದು ಎರಡೂ ನೋಟ್‌ಬುಕ್ ನೋಡಿದರು. ಯಾರದು ಸರಿ ಅಂತ ಹೇಳಲಿಲ್ಲ. "ನಿನ್ನ ಎರಡು ರೀಡಿಂಗೂ ಎಷ್ಟು ಹೊತ್ತಿಗೆ ತಗೊಂಡಿದ್ದಮ್ಮ?" ಅಂದರು. ಅವಳು 130 ಬೆಳಿಗ್ಗೆ, 42 ಊಟ ಆದ ಮೇಲೆ ಅಂದಳು. ಸರ್ ಕಿಟಕಿಯ ಕಟ್ಟೆ ಮೇಲೆ ಬಿಸಿಲಿಗೆ ಕೂತಿದ್ದ ನಮ್ಮ ಬಾಟಲಿಗೆ ಥರ್ಮಾಮೀಟರ್ ಇಳಿಬಿಟ್ಟು ಹೊರಟೇಹೋದರು.

26 ಡಿಗ್ರಿ. ಬೆಳಿಗ್ಗೆ ಕೋಣೆಯೊಳಗೆ 20 ಇತ್ತು, ಅದು ಬಾಗಿಲ ಹತ್ತಿರದ ಬೋರ್ಡಿನ ಮೇಲೆ ಅವರೇ ಬರೆದಿದ್ದ ಅಂಕಿ, ನಾವ್ಯಾರೂ ನೋಡಿರಲಿಲ್ಲ. ಆರು ಡಿಗ್ರಿ ವ್ಯತ್ಯಾಸ. ಹಾಸನದ ಡಿಸೆಂಬರ್ ಗೊತ್ತಲ್ಲ, ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದು. ನಾವು ಸ್ವೆಟರ್ ತೆಗೆದಿದ್ದೆವು, ಕ್ರಿಯೆಗೂ ಸೆಕೆಯಾಗಿದೆ ಅಂತ ಹೊಳೆದಿರಲಿಲ್ಲ.

ಮತ್ತೆ ಅರ್ಧ ಅಯೊಡೈಡಿನ ಅಳತೆ, ಈ ಸಲ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಇಟ್ಟು, 26 ಡಿಗ್ರಿಯಲ್ಲೇ. 86 ಸೆಕೆಂಡ್. ಆರ್ಡರ್ 1.03. ಅಯೊಡೈಡಿಗೂ ಒಂದು, ಪರ್ಸಲ್ಫೇಟಿಗೂ ಒಂದು, ಒಟ್ಟು ಎರಡು. ನಿಧಾನದ ಹಂತದಲ್ಲಿ ಒಂದು ಅಯೊಡೈಡ್ ಒಂದು ಪರ್ಸಲ್ಫೇಟಿನ ಜೊತೆ ಸೇರುತ್ತದೆ, ಎರಡನೇ ಅಯೊಡೈಡ್ ಆಮೇಲೆ ಸರಸರನೆ ಬಂದು ಕೂಡಿಕೊಳ್ಳುತ್ತದೆ. ಆ ಹುಡುಗ ಅವತ್ತು ಮೊದಲ ಸಲ ನಕ್ಕ. ಮಗಳು ಅಡಿಗೆರೆ ಎಳೆದ 2ನ್ನು ಹೊಡೆದು ಹಾಕಿದಳು. ಅಳಿಸುವ ಹಾಗಿಲ್ಲ, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೆಯಬೇಕು, ಅದು ಇಲ್ಲಿನ ನಿಯಮ. ನಮ್ಮ ಆಫೀಸಿನಲ್ಲೂ ಅದೇ ನಿಯಮ, ಪಾಲಿಸುವವರು ಕಡಿಮೆ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದರೂ ಒಳಗೆ ತಪ್ಪಿರಬಹುದು ಅಂತ ಬಿ.ಕಾಂ.ನಲ್ಲಿ ನಾನೇ ಉರು ಹೊಡೆದು ಪಾಸಾದವಳು. ಒಂದು ತಪ್ಪನ್ನು ಇನ್ನೊಂದು ಮುಚ್ಚಿ ಹಾಕುತ್ತದೆ. ಇಲ್ಲಿ ಬಿಸಿಲು ಒಂದು ತಪ್ಪು ಮಾಡಿತು, ರೌಂಡ್ ಆಫ್ ಇನ್ನೊಂದು ಮಾಡಿತು, ಎರಡೂ ಸೇರಿ ಪುಸ್ತಕದ ಅಂಕಿ ಹಾಗೆ ಕಾಣುವ ಸುಳ್ಳು ಉತ್ತರ ಬಂತು. ಕೋಚಿಂಗ್ ಟೇಬಲ್‌ನಲ್ಲಿ ಇದು ಎಂದಿಗೂ ಆಗುವುದಿಲ್ಲ, ಅಲ್ಲಿ ಬಿಸಿಲೇ ಇಲ್ಲ.

ಸರಿಯಾದ ಮೂರು ಅಳತೆಯಿಂದ ವೇಗ ಸ್ಥಿರಾಂಕವನ್ನೂ, ಅಂದರೆ ಸಾರತೆ ಬದಲಾದರೂ ಬದಲಾಗದೆ ಉಳಿಯುವ ಅಂಕಿಯನ್ನೂ ತೆಗೆಸಿದರು. ಹೈಪೋ 0.0012 ಮೋಲಾರ್ ಇತ್ತು, ಒಂದು ಅಯೊಡಿನ್ ಎರಡು ಹೈಪೋ ತಿನ್ನುತ್ತದೆ, ಹಾಗಾಗಿ ಹುಟ್ಟಿದ ಅಯೊಡಿನ್ 0.0006. ಅದನ್ನು 42 ಸೆಕೆಂಡಿನಿಂದ ಭಾಗಿಸಿದರೆ ವೇಗ, ಆ ವೇಗವನ್ನು 0.080 ಮತ್ತು 0.040ರ ಗುಣಲಬ್ಧದಿಂದ ಭಾಗಿಸಿದರೆ ಸ್ಥಿರಾಂಕ. ಮೂರಕ್ಕೂ ಕ್ರಮವಾಗಿ 0.00446, 0.00436, 0.00452 ಬಂತು. ಪಕ್ಕಾ ಒಂದೇ ಅಲ್ಲ, ಆದರೆ ಮೂರೂ ಒಂದೇ ಬೀದಿಯಲ್ಲಿವೆ. ಮೂಲಮಾನ ಬರೆಯದೆ ಬಿಟ್ಟರೆ ನೋಟ್‌ಬುಕ್ ವಾಪಸ್. ಇಲ್ಲಿ ಲೀಟರ್ ಪ್ರತಿ ಮೋಲ್ ಪ್ರತಿ ಸೆಕೆಂಡ್, ಒಟ್ಟು ಆರ್ಡರ್ ಬದಲಾದರೆ ಅದೂ ಬದಲಾಗುತ್ತದೆ.

ಮೂರನೇ ಭಾನುವಾರ ಪೂರ್ತಿ ಉಷ್ಣತೆಗೇ. ನಮ್ಮ ಎಡವಟ್ಟು ನೋಡಿಯೇ ಹೀಗೆ ಮಾಡಿದರಾ ಅಂತ ಕೇಳಿದೆ, ಇಲ್ಲಮ್ಮ, ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಬಿಸಿಲಿಗೆ ಇಡುತ್ತಾರೆ ಅಂದರು. ಅದೇ ಗಡಿಯಾರ 20 ಡಿಗ್ರಿಯಲ್ಲಿ 63 ಸೆಕೆಂಡ್, 26ರಲ್ಲಿ 42, 36ರಲ್ಲಿ 22. ಹತ್ತು ಡಿಗ್ರಿ ಏರಿದರೆ ಸಮಯ ಹೆಚ್ಚುಕಡಿಮೆ ಅರ್ಧ. ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಕೊಟ್ಟ ಸೂತ್ರ ಹಾಕಿ ಗ್ರಾಫ್ ಎಳೆದರೆ ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ) ಮೋಲಿಗೆ 49.5 ಕಿಲೋಜೂಲ್ ಬಂತು, 50ರ ಆಸುಪಾಸು ಬಂದರೆ ಸರಿ ಅಂತ ಸರ್ ಮೊದಲೇ ಹೇಳಿದ್ದರು. ಈ ವಾರ ಉಳಿದಂತೆ ಸ್ವಲ್ಪ ಎಳೆದಾಟ. ನೀರು ಕಾಯಿಸು, ಆರಿಸು, ಕಾಯಿಸು. ಅರ್ಧ ದಿನದಲ್ಲಿ ಮುಗಿಸಬಹುದಿತ್ತು. ಇದೇ ವಾರ ಕೆಮಿಕಲ್ಸ್‌ಗೆ ಅಂತ ಇನ್ನೂ 150 ರೂಪಾಯಿ ಕೇಳಿದರು. ದುಡ್ಡು ದೊಡ್ಡದಲ್ಲ, ಆದರೆ ಸೇರುವಾಗಲೇ ಹೇಳಬೇಕಿತ್ತು ಅಲ್ವಾ?

ನಾಲ್ಕನೇ ಭಾನುವಾರ ಬೇರೆ ದಾರಿ. ಇಲ್ಲಿಯವರೆಗೆ ಬೇರೆ ಬೇರೆ ಸಾರತೆಯಿಂದ ಶುರು ಮಾಡಿ ಆರಂಭದ ವೇಗ ನೋಡುತ್ತಿದ್ದೆವು. ಈಗ ಒಂದೇ ಬೀಕರ್ ಇಟ್ಟುಕೊಂಡು ಅದು ಹೊತ್ತು ಕಳೆದಂತೆ ಹೇಗೆ ಕರಗುತ್ತಾ ಹೋಗುತ್ತದೆ ಅಂತ ನೋಡುವುದು. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ ಹಚ್ಚಲು ಕೊಡುವ ನೇರಳೆ ಬಣ್ಣದ ಜೆನ್ಷಿಯನ್ ವಯೊಲೆಟ್ ಇದೆಯಲ್ಲ, ಅದನ್ನು ತೆಳ್ಳಗೆ ಮಾಡಿ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಹಾಕಿದರೆ ಬಣ್ಣ ಮೆಲ್ಲಗೆ ಹೋಗುತ್ತದೆ. ಸರ್ ಹತ್ತಿರ ಒಂದು ಹಳೆಯ ಕಲರಿಮೀಟರ್ ಇದೆ, ಬಣ್ಣ ಎಷ್ಟು ದಟ್ಟ ಅಂತ ಅಂಕಿಯಲ್ಲಿ ತೋರಿಸುತ್ತದೆ, ಮೇಲೆ ಒಂದು ಏಟು ಕೊಟ್ಟರೆ ಇನ್ನೂ ಚೆನ್ನಾಗಿ ತೋರಿಸುತ್ತದೆ.

ಶುರುವಿನಲ್ಲಿ 0.80. ಮೂರು ನಿಮಿಷಕ್ಕೆ 0.41, ಆರಕ್ಕೆ 0.20, ಒಂಬತ್ತಕ್ಕೆ 0.10. ಪ್ರತಿ ಮೂರು ನಿಮಿಷಕ್ಕೆ ಅರ್ಧ, ಮತ್ತೆ ಅರ್ಧ. ಎಷ್ಟು ಉಳಿದಿದ್ದರೂ ಅರ್ಧವಾಗಲು ಅಷ್ಟೇ ಹೊತ್ತು ಬೇಕಾದರೆ ಅದು ಫಸ್ಟ್ ಆರ್ಡರ್‌ನ ಗುರುತು. ಆದರೂ ಸರ್ ಬಿಡಲಿಲ್ಲ, ಮೂರು ಗ್ರಾಫ್ ಹಾಕಿಸಿದರು. ನೇರವಾಗಿ ಅಂಕಿ ಹಾಕಿದರೆ ಬಾಗಿದ ಗೆರೆ. ಒಂದನ್ನು ಅಂಕಿಯಿಂದ ಭಾಗಿಸಿ ಹಾಕಿದರೆ ಮೇಲಕ್ಕೆ ಬಾಗಿದ ಗೆರೆ. ಸ್ವಾಭಾವಿಕ ಲಾಗ್ ಹಾಕಿದಾಗ ಮಾತ್ರ ಸ್ಕೇಲ್ ಇಟ್ಟ ಹಾಗೆ ನೇರ, ನಿಮಿಷಕ್ಕೆ 0.23ರಂತೆ ಇಳಿಯುವ ಗೆರೆ. ಮೊದಲನೆಯದು ನೇರ ಬಂದಿದ್ದರೆ ಸೊನ್ನೆ ಆರ್ಡರ್, ಎರಡನೆಯದು ನೇರ ಬಂದಿದ್ದರೆ ಎರಡು.

ಕಾಸ್ಟಿಕ್ ಸೋಡಾದ ಆರ್ಡರ್ ಎಲ್ಲಿ ಹೋಯಿತು ಅಂತ ನಾನೇ ಕೇಳಿದೆ, ನನ್ನ ಬಗ್ಗೆ ನನಗೇ ಹೆಮ್ಮೆ. ಬಣ್ಣಕ್ಕೆ ಹೋಲಿಸಿದರೆ ಸೋಡಾ ಎಷ್ಟೋ ಪಟ್ಟು ಜಾಸ್ತಿ ಹಾಕಿರುತ್ತಾರೆ, ಬಣ್ಣ ಪೂರ್ತಿ ಹೋದರೂ ಸೋಡಾ ಕಡಿಮೆಯಾಗಿದ್ದು ಲೆಕ್ಕಕ್ಕೇ ಸಿಗುವುದಿಲ್ಲ, ಹಾಗಾಗಿ ಅದು ಸ್ಥಿರಾಂಕದ ಒಳಗೆ ಅಡಗಿ ಕೂತಿರುತ್ತದೆ. ಹೊರಗೆ ಎಳೆಯಬೇಕಾದರೆ ಸೋಡಾವನ್ನು 0.02ರಿಂದ 0.04 ಮೋಲಾರ್ ಮಾಡಿ ಮತ್ತೆ ನೋಡಬೇಕು. ನೋಡಿದೆವು. ಗೆರೆಯ ಇಳಿಜಾರು 0.23 ಇದ್ದದ್ದು 0.47 ಆಯಿತು. ಅದಕ್ಕೂ ಆರ್ಡರ್ ಒಂದು.

ರೀಡಿಂಗ್‌ಗಳ ಮಧ್ಯೆ ಕಾಯುವ ಹೊತ್ತಲ್ಲಿ ಸರ್ ಕಥೆ ಹೇಳುತ್ತಾರೆ, ಕೆಲವು ಉದ್ದ. ಅದರಲ್ಲಿ ಒಂದು ಇಷ್ಟವಾಯಿತು. 1850ರಲ್ಲಿ ಜರ್ಮನಿಯ ವಿಲ್ಹೆಲ್ಮಿ ಅನ್ನುವವರು ಸಕ್ಕರೆ ನೀರಿಗೆ ಆಸಿಡ್ ಹಾಕಿ, ಅದರೊಳಗೆ ಹಾದು ಬರುವ ಬೆಳಕು ಎಷ್ಟು ತಿರುಗುತ್ತದೆ ಅಂತ ಪೋಲಾರಿಮೀಟರ್‌ನಲ್ಲಿ ನೋಡುತ್ತಾ ಕೂತಿದ್ದರಂತೆ. ಆ ಕೋನ ಬದಲಾಗುವುದನ್ನು ನೋಡಿಯೇ, ಉಳಿದ ಸಕ್ಕರೆ ಎಷ್ಟೋ ಅದಕ್ಕೆ ತಕ್ಕಂತೆ ವೇಗ ಅಂತ ಕಂಡುಕೊಂಡರು. ಏಟು ಕೊಟ್ಟು ನಡೆಸುವ ಕಲರಿಮೀಟರ್ ಮುಂದೆ ಕೂತು ಕೇಳಿದ್ದಕ್ಕೋ ಏನೋ, ಆ ಮನುಷ್ಯ ನಮ್ಮ ಪಕ್ಕದ ಬೆಂಚಿನವರೇ ಅನ್ನಿಸಿದರು.

ಇನ್ನುಳಿದ ದೂರು ಬೇಗ ಹೇಳಿ ಮುಗಿಸುತ್ತೇನೆ. ಒಂಬತ್ತೂವರೆ ಅಂದರೆ ಹತ್ತು, ಅರಸೀಕೆರೆಯಿಂದ ರೈಲಿಗೆ ಬರುವ ಹುಡುಗಿ ಒಂಬತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಪ್ರಿಂಟ್ ನೋಟ್ಸ್ ಕೊಡುವುದಿಲ್ಲ. ಕೈಗವಸು ಇಲ್ಲ, ಜೆನ್ಷಿಯನ್ ವಯೊಲೆಟ್ ದಿನ ಮಗಳ ಹೊಸ ಕುರ್ತಾ ಕೆಟ್ಟಿತು, ಆ ಕಲೆ ಇನ್ನೂ ಹೋಗಿಲ್ಲ. ಕೆಳಗೆ ನಾಲ್ಕು ಸ್ಕೂಟರ್ ನಿಲ್ಲಿಸಲು ಮಾತ್ರ ಜಾಗ. ಪರೀಕ್ಷೆಗೆ ಬರುವ ತರಹದ ಲೆಕ್ಕ ಒಂದನ್ನೂ ಮಾಡಿಸುವುದಿಲ್ಲ, ಅದನ್ನು ನಿಮ್ಮ ಕಾಲೇಜು ಮಾಡಿಸುತ್ತದೆ ಅನ್ನುತ್ತಾರೆ. ಮಾರ್ಕ್ಸ್ ಹೆಚ್ಚಾಯಿತಾ ಅಂತ ಕೇಳುವವರಿಗೆ: ಕೋಚಿಂಗ್ ಟೆಸ್ಟಿನಲ್ಲಿ ಈ ಪಾಠದ ಮಾರ್ಕ್ಸ್ ಹಾಗೇ ಇದೆ, ಮೊದಲೂ ಚೆನ್ನಾಗಿಯೇ ಬರುತ್ತಿತ್ತು. ಬದಲಾಗಿದ್ದು ಏನು ಅಂದರೆ ಅವಳು ಈಗ ಉತ್ತರ ಬರೆಯಲು ಹತ್ತು ಸೆಕೆಂಡಿನ ಬದಲು ಇಪ್ಪತ್ತು ಸೆಕೆಂಡ್ ತಗೊಳ್ಳುತ್ತಾಳೆ. ಟೇಬಲ್ ಕೆಳಗೆ ಉಷ್ಣತೆ ಬರೆದಿದ್ದಾರಾ ಅಂತ ಹುಡುಕುತ್ತಾಳಂತೆ. ಸಿಇಟಿಯಲ್ಲಿ ಇದು ಒಳ್ಳೆಯದೋ ಕೆಟ್ಟದ್ದೋ ನೀವೇ ಹೇಳಿ.

ಹೋಗುವವರು ಮಾಸ್ಕ್, ಹಳೆ ಬಟ್ಟೆ, ಗ್ರಾಫ್ ಶೀಟ್, ಊಟದ ಡಬ್ಬಿ ತಗೊಂಡು ಹೋಗಿ. ಸ್ವಂತ ಕನ್ನಡಕ ಕೊಂಡುಕೊಂಡರೆ ಇನ್ನೂ ಒಳ್ಳೆಯದು. ಉಬ್ಬಸ ಇರುವ ಮಕ್ಕಳಿದ್ದರೆ ಫ್ಯಾನ್ ಹಾಕಿದ್ದಾರಾ ಅಂತ ಮೊದಲು ಕೇಳಿ, ಹಾಕಿಲ್ಲ ಅಂದರೆ ಮೊದಲನೇ ವಾರ ಕಳಿಸಬೇಡಿ. ಬಾಟಲಿಯನ್ನು ಕಿಟಕಿ ಹತ್ತಿರ ಇಡಬೇಡಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಮಗಳನ್ನು ಕೇಳಿದೆ, 3.6 ಅಂದಳು. ನಾಲ್ಕು ಅಂತಲೇ ಹಾಕುತ್ತೇನೆ ಅಂದರೆ, "ಅಮ್ಮ, ಮತ್ತೆ ರೌಂಡ್ ಆಫ್ ಮಾಡ್ತಿದ್ದೀಯ" ಅಂದಳು.